ಬ್ರೇಕು ಹೇಳಿದ ಕಥೆ

ಸೈಕಲ್ ಕಲಿಯುವ ಹುಡುಗನಿಗೆ ಮನೆಯ ಹಿರಿಯರು ಮೊದಲು ಹೇಳುವ ಬುದ್ಧಿಮಾತು ಒಂದೇ: ‘ಮುಂದಿನ ಬ್ರೇಕ್ ಹಿಡೀಬೇಡ, ಮಗುಚಿ ಬೀಳ್ತೀಯ.’ ಹುಡುಗ ಆ ಮಾತನ್ನು ವೇದವಾಕ್ಯದಂತೆ ನಂಬಿ ಹಿಂದಿನ ಬ್ರೇಕಿನ ಮೇಲೇ ಭಾರ ಹಾಕಿ ಬೆಳೆಯುತ್ತಾನೆ. ಹಿಂದಿನ ಬ್ರೇಕಿನ ರಬ್ಬರು ಸವೆದು ಎರಡು ಸಲ ಬದಲಾದರೂ ಮುಂದಿನದು ಅಂಗಡಿಯಿಂದ ತಂದ ದಿನದಂತೆಯೇ ಇರುತ್ತದೆ. ದೊಡ್ಡವನಾದ ಮೇಲೆ ಒಂದು ದಿನ ಇಳಿಜಾರಿನಲ್ಲಿ ಎಮ್ಮೆ ಅಡ್ಡ ಬಂದಾಗ ಹಿಂದಿನ ಚಕ್ರ ಜರಜರನೆ ಜಾರುತ್ತದೆಯೇ ಹೊರತು ಸೈಕಲ್ ನಿಲ್ಲುವುದಿಲ್ಲ. ಆಗ ಅವನಿಗೆ ಅನುಮಾನ ಹುಟ್ಟುತ್ತದೆ: ಹಿರಿಯರು ಹೇಳಿದ್ದು ಪೂರ್ತಿ ಸರಿಯೇ?

ಇದೇ ಹೆದರಿಕೆ, ಇದೇ ಅನುಮಾನ ಒಂದು ಕಾಲಕ್ಕೆ ಯೂರೋಪಿನ ದೊಡ್ಡ ಎಂಜಿನಿಯರುಗಳನ್ನೂ ಕಾಡಿತ್ತು. ಮೋಟಾರು ಕಾರು ಹುಟ್ಟಿದ ಮೇಲೆ ಬಹುಕಾಲ ಬ್ರೇಕು ಇದ್ದದ್ದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಮುಂದಿನ ಚಕ್ರಕ್ಕೂ ಬ್ರೇಕು ಹಾಕಿದರೆ ಕಾರು ಮಗುಚೀತು, ಚಕ್ರ ಜಾರಿ ಸ್ಟಿಯರಿಂಗ್ ಕೈತಪ್ಪೀತು ಎಂಬ ಭಯ. 1914ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಬಳಿ ನಡೆದ ಗ್ರ್ಯಾನ್ ಪ್ರೀ ರೇಸಿಗೆ ಪೂಜೋ, ಫಿಯೆಟ್ ಮುಂತಾದವರು ನಾಲ್ಕೂ ಚಕ್ರಗಳಿಗೆ ಬ್ರೇಕು ಇದ್ದ ಕಾರುಗಳನ್ನು ತಂದಿದ್ದರು. ಆದರೆ ಮೊದಲ ಮೂರು ಸ್ಥಾನಗಳನ್ನೂ ಬಾಚಿಕೊಂಡದ್ದು ಹಿಂದೆ ಮಾತ್ರ ಬ್ರೇಕಿದ್ದ ಮರ್ಸಿಡಿಸ್ ಕಾರುಗಳು! ಹೊಸದನ್ನು ಒಪ್ಪದವರಿಗೆ ಇಷ್ಟು ಸಾಕಾಯಿತು. ವಾದ ಮತ್ತೆ ಹತ್ತು ವರ್ಷ ಎಳೆಯಿತು.

ಆ ಹತ್ತು ವರ್ಷಗಳ ಎಳೆದಾಟದ ಗುರುತು ಇಂದಿಗೂ ಹಳೆಯ ರೇಸ್ ಕಾರುಗಳ ಮೈಮೇಲೆ ಉಳಿದಿದೆ. ಆ ಗುರುತನ್ನು ಓದುವುದೇ ಒಂದು ವಿದ್ಯೆ. ‘ಈ ಬ್ರೇಕು ಕಾರಿನ ಜೊತೆಗೇ ಹುಟ್ಟಿದ್ದೋ, ಕಾರು ರೇಸಿನಲ್ಲಿ ಓಡುತ್ತಿದ್ದ ಕಾಲದಲ್ಲೇ ಹಾಕಿಸಿಕೊಂಡ ಸುಧಾರಣೆಯೋ, ಅಥವಾ ಮೊನ್ನೆ ಮೊನ್ನೆ ಯಾರೋ ಅಂಟಿಸಿದ್ದೋ?’ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ವಿದ್ಯೆ ಅದು.

ಲಮಾನ್‌ನ ಪಾಠ

1923ರ ಮೇ ತಿಂಗಳ ಕೊನೆಯಲ್ಲಿ ಫ್ರಾನ್ಸಿನ ಲಮಾನ್ ಊರಿನಲ್ಲಿ ಮೊಟ್ಟಮೊದಲ 24 ಗಂಟೆಗಳ ರೇಸು ನಡೆಯಿತು. ಇಂಗ್ಲೆಂಡಿನಿಂದ ಒಂದೇ ಒಂದು ಬೆಂಟ್ಲಿ ಕಾರು ಬಂದಿತ್ತು. ಮೂರು ಲೀಟರ್ ಎಂಜಿನ್. ಓಡಿಸುವವರು ಜಾನ್ ಡಫ್ ಮತ್ತು ಫ್ರಾಂಕ್ ಕ್ಲೆಮೆಂಟ್. ಕಾರು ಕಟ್ಟಿದ ಡಬ್ಲ್ಯು. ಓ. ಬೆಂಟ್ಲಿಯವರಿಗೆ ಈ ಸಾಹಸ ಅಷ್ಟಾಗಿ ಹಿಡಿಸಿರಲಿಲ್ಲ. ಹಗಲೂ ರಾತ್ರಿ 24 ಗಂಟೆ ಓಡಲು ಕಾರು ಮಾಡಿದ್ದಲ್ಲ ಎಂಬುದು ಅವರ ಭಾವನೆ. ಆ ಕಾರಿಗೆ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಬ್ರೇಕು.

ರಸ್ತೆಗೆ ಡಾಂಬರಿರಲಿಲ್ಲ, ಕಲ್ಲು ಸಿಡಿಯುತ್ತಿತ್ತು. ಒಂದು ಕಲ್ಲು ಹೆಡ್‌ಲೈಟ್ ಒಡೆಯಿತು. ಇನ್ನೊಂದು ಪೆಟ್ರೋಲ್ ಟ್ಯಾಂಕಿಗೆ ತೂತು ಮಾಡಿತು. ಪೆಟ್ರೋಲ್ ಬರಿದಾಗಿ ಕಾರು ದಾರಿಯಲ್ಲೇ ನಿಂತಿತು. ಡಫ್ ಕಾಲ್ನಡೆಯಲ್ಲೇ ತಮ್ಮ ಬಿಡಾರಕ್ಕೆ ಬಂದು ಸುದ್ದಿ ಮುಟ್ಟಿಸಿದ. ಕ್ಲೆಮೆಂಟ್ ಸೈಕಲ್ ಒಂದನ್ನು ಎರವಲು ಪಡೆದು, ಪೆಟ್ರೋಲ್ ಡಬ್ಬಗಳನ್ನು ಹೊತ್ತು, ಕಾರುಗಳು ಎದುರಿಗೆ ನುಗ್ಗಿ ಬರುತ್ತಿದ್ದ ರಸ್ತೆಯಲ್ಲೇ ಹೋಗಿ ತೂತು ಮುಚ್ಚಿ ಕಾರನ್ನು ಮತ್ತೆ ಓಡಿಸಿದ. ಇಷ್ಟೆಲ್ಲ ಹೊತ್ತು ಕಳೆದುಕೊಂಡರೂ ಬೆಂಟ್ಲಿ ನಾಲ್ಕನೆಯ ಸ್ಥಾನವನ್ನು ಹಂಚಿಕೊಂಡಿತು. ಇಡೀ ರೇಸಿನ ಅತಿ ವೇಗದ ಸುತ್ತು ಕ್ಲೆಮೆಂಟನದೇ: ಗಂಟೆಗೆ ಸುಮಾರು 107 ಕಿಲೋಮೀಟರ್. ಓಡುವುದರಲ್ಲಿ ಕಾರು ಯಾರಿಗೂ ಕಡಿಮೆ ಇರಲಿಲ್ಲ ಎಂದಾಯಿತು. ಕೊರತೆ ಇದ್ದದ್ದು ನಿಲ್ಲುವುದರಲ್ಲಿ ಮತ್ತು ಕಲ್ಲಿನ ಏಟು ತಡೆಯುವುದರಲ್ಲಿ.

ಮರುವರ್ಷ, 1924ರ ಜೂನ್‌ನಲ್ಲಿ, ಅದೇ ಡಫ್ ಮತ್ತು ಕ್ಲೆಮೆಂಟ್ ಮತ್ತೆ ಲಮಾನ್‌ಗೆ ಬಂದರು. ಈ ಸಲ ಹೆಡ್‌ಲೈಟಿಗೆ ತಂತಿಬಲೆಯ ರಕ್ಷಣೆ, ಟ್ಯಾಂಕಿಗೆ ಹೊದಿಕೆ, ಎಲ್ಲಕ್ಕಿಂತ ಮುಖ್ಯವಾಗಿ ನಾಲ್ಕೂ ಚಕ್ರಗಳಿಗೆ ಬ್ರೇಕು. ಆ ವರ್ಷ ಬೆಂಟ್ಲಿ ಗೆದ್ದಿತು. ಗೆಲುವಿನ ಕಾರಣಗಳು ಹಲವು ಇರಬಹುದು. ಆದರೆ ಒಂದು ವರ್ಷದ ಹಿಂದಿನ ತಪ್ಪುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ತಿದ್ದಿಕೊಂಡು ಬಂದವರು ಗೆದ್ದರು ಎಂಬುದಂತೂ ನಿಜ.

ಎರಡು ಲೀಟರ್ ನೀರಿನ ಲೆಕ್ಕ

ಮುಂದಿನ ಬ್ರೇಕು ಏಕೆ ಅಷ್ಟು ಮುಖ್ಯ? ಇದಕ್ಕೆ ಹೈಸ್ಕೂಲಿನ ವಿಜ್ಞಾನವೇ ಸಾಕು. 1,500 ಕಿಲೋ ತೂಕದ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೆ ಅದರ ಚಲನಶಕ್ತಿ ಸುಮಾರು 5.8 ಲಕ್ಷ ಜೂಲ್. 30 ಡಿಗ್ರಿಯಲ್ಲಿರುವ ಸುಮಾರು ಎರಡು ಲೀಟರ್ ನೀರನ್ನು ಕುದಿಯುವ ಬಿಂದುವಿಗೆ ತರಲು ಇಷ್ಟು ಶಕ್ತಿ ಬೇಕು. ಕಾರು ನಿಲ್ಲಬೇಕಾದರೆ ಈ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಬ್ರೇಕು ಅದನ್ನು ಶಾಖವಾಗಿ ಬದಲಾಯಿಸಿ ಗಾಳಿಗೆ ಬಿಡುತ್ತದೆ. ವೇಗ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಈ ಹೊರೆಯನ್ನೆಲ್ಲ ಎರಡೇ ಡ್ರಮ್ಮುಗಳು ಹೊರುವುದಕ್ಕಿಂತ ನಾಲ್ಕು ಡ್ರಮ್ಮುಗಳು ಹಂಚಿಕೊಳ್ಳುವುದು ಒಳ್ಳೆಯದಲ್ಲವೇ?

ಇನ್ನೊಂದು ಸೂಕ್ಷ್ಮವೂ ಇದೆ. ಬಸ್ಸು ಗಕ್ಕನೆ ನಿಂತಾಗ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರೆ. ಕಾರಿನ ಭಾರವೂ ಹಾಗೆಯೇ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ, ಹಿಂದಿನ ಚಕ್ರಗಳು ಹಗುರಾಗುತ್ತವೆ. ಹಗುರಾದ ಚಕ್ರಕ್ಕೆ ರಸ್ತೆಯ ಹಿಡಿತ ಕಡಿಮೆ. ಅಂದರೆ ಬ್ರೇಕು ಬೇಕೇ ಬೇಕಾದ ಹೊತ್ತಿನಲ್ಲಿ ಹಿಂದಿನ ಚಕ್ರ ಕೈಕೊಡುತ್ತದೆ. ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವೆ 3 ಮೀಟರ್ ಅಂತರ, ಗುರುತ್ವ ಕೇಂದ್ರ ನೆಲದಿಂದ 0.6 ಮೀಟರ್ ಎತ್ತರ, ನಿಂತಾಗ ಭಾರ ಹಿಂದೆ ಮುಂದೆ ಸಮಸಮ, ಘರ್ಷಣೆಯ ಗುಣಾಂಕ 0.7 ಎಂದಿಟ್ಟುಕೊಂಡು ಲೆಕ್ಕ ಮಾಡಿ ನೋಡಿ. 100 ಕಿಲೋಮೀಟರ್ ವೇಗದ ಕಾರು ಹಿಂದಿನ ಬ್ರೇಕಿನಿಂದ ಮಾತ್ರ ನಿಲ್ಲಲು ಸುಮಾರು 128 ಮೀಟರ್ ಬೇಕು. ನಾಲ್ಕೂ ಚಕ್ರಗಳ ಹಿಡಿತ ಪೂರ್ತಿ ಬಳಕೆಯಾದರೆ ಸುಮಾರು 56 ಮೀಟರ್ ಸಾಕು. ಅರ್ಧಕ್ಕಿಂತಲೂ ಕಡಿಮೆ! ಸೈಕಲ್ ಮಗುಚುವುದು ಅದು ಗಿಡ್ಡ, ಸವಾರ ಕೂರುವುದು ಎತ್ತರ ಎಂಬ ಕಾರಣಕ್ಕೆ. ಉದ್ದವಾದ, ತಗ್ಗಾದ ಕಾರಿಗೆ ಆ ಭಯವಿಲ್ಲ.

ಆದರೆ ಮುಂದಿನ ಚಕ್ರ ಸ್ಟಿಯರಿಂಗ್ ಜೊತೆ ತಿರುಗುವಂಥದ್ದು. ತಿರುಗುವ ಚಕ್ರಕ್ಕೆ ಸಲಾಕೆಯಿಂದ ಬ್ರೇಕು ಎಳೆಯುವುದು ಹೇಗೆ? ತಿರುವಿನಲ್ಲಿ ಸಲಾಕೆ ಬಿಗಿಯಾಗಿ ಬ್ರೇಕು ತಾನೇ ಹಿಡಿದುಕೊಂಡರೆ? ಆನ್ರಿ ಪೆರೋ ಎಂಬ ಫ್ರೆಂಚ್ ಎಂಜಿನಿಯರ್ ಕೀಲುಳ್ಳ ಒಂದು ದಂಡವನ್ನು ರೂಪಿಸಿ ಈ ತೊಡಕನ್ನು ಬಿಡಿಸಿದ. ಚಕ್ರ ಎತ್ತ ತಿರುಗಿದರೂ ದಂಡದ ಕೀಲು ಜೊತೆಯಲ್ಲೇ ಬಾಗುತ್ತದೆ. 1920ರ ದಶಕದ ಅನೇಕ ಕಾರುಗಳ ಮುಂದಿನ ಬ್ರೇಕಿನಲ್ಲಿ ಕಾಣುವುದು ಇದೇ ಏರ್ಪಾಟು.

ಅಜ್ಜನ ಕೊಡಲಿ

ಈಗ ಕಥೆ ತಿರುವು ಪಡೆಯುತ್ತದೆ. ಬೆಂಟ್ಲಿಯ ಮೂರು ಲೀಟರ್ ಕಾರುಗಳು ಗಿರಾಕಿಗಳ ಕೈಸೇರತೊಡಗಿದ್ದು 1921ರಲ್ಲಿ. ಮುಂದಿನ ಬ್ರೇಕು ಬಂದದ್ದು 1924ರ ಮಾದರಿಗಳ ಹೊತ್ತಿಗೆ. ಮೊದಲೇ ಕಾರು ಕೊಂಡವರು ಸುಮ್ಮನಿದ್ದಾರೆಯೇ? ಎಷ್ಟೋ ಜನ ತಮ್ಮ ಕಾರನ್ನು ವಾಪಸು ಕಳಿಸಿ ಮುಂದಿನ ಬ್ರೇಕು ಹಾಕಿಸಿಕೊಂಡರು. ರೇಸಿನವರಂತೂ ಇಂಥ ಕೆಲಸದಲ್ಲಿ ಎಲ್ಲರಿಗಿಂತ ಮುಂದು. ರೇಸ್ ಕಾರು ಎಂದರೆ ಗಾಜಿನ ಪೆಟ್ಟಿಗೆಯ ಗೊಂಬೆಯಲ್ಲ. ಅದು ಪ್ರತಿ ವಾರ ಸೋಲುತ್ತ, ಪ್ರತಿ ವಾರ ತಿದ್ದಿಸಿಕೊಳ್ಳುತ್ತ ಬದುಕುವ ಯಂತ್ರ.

ಹಾಗಾದರೆ ನಾಲ್ಕೂ ಚಕ್ರಕ್ಕೆ ಬ್ರೇಕಿರುವ 1922ರ ಕಾರೊಂದು ಇಂದು ಕಣ್ಣಿಗೆ ಬಿದ್ದರೆ ಅದು ಅಸಲಿಯೋ ನಕಲಿಯೋ? ಅಜ್ಜನ ಕಾಲದ ಕೊಡಲಿ ಎಂದು ಹೆಮ್ಮೆಯಿಂದ ತೋರಿಸುವವರು ಇದ್ದಾರೆ. ಅಪ್ಪ ಎರಡು ಸಲ ಕಾವು ಬದಲಾಯಿಸಿದ್ದಾನೆ, ಮಗ ಒಂದು ಸಲ ಅಲಗು ಬದಲಾಯಿಸಿದ್ದಾನೆ. ಆದರೂ ಅದು ಅಜ್ಜನ ಕೊಡಲಿಯೇ! ನಗು ಬರುವ ಈ ಮಾತು ಹಳೆಯ ಕಾರಿನ ಲೋಕದಲ್ಲಿ ದೊಡ್ಡ ವ್ಯಾಜ್ಯ.

ಏಕೆಂದರೆ ಅಲ್ಲಿ ಕಾಲಮಾನಕ್ಕೆ ಕಟ್ಟುನಿಟ್ಟಾದ ಬೆಲೆಯಿದೆ. ಇಂಗ್ಲೆಂಡಿನಲ್ಲಿ 1934ರಲ್ಲಿ ಹುಟ್ಟಿದ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನ ಪ್ರಕಾರ ‘ವಿಂಟೇಜ್’ ಎನಿಸಿಕೊಳ್ಳಲು ಕಾರು 1930ರ ಕೊನೆಯೊಳಗೆ ತಯಾರಾಗಿರಬೇಕು. ಜಾಗತಿಕ ಮೋಟಾರು ಸಂಸ್ಥೆಯಾದ ಎಫ್‌ಐಎ ಐತಿಹಾಸಿಕ ಕಾರುಗಳಿಗೆಂದೇ ‘ಅಪೆಂಡಿಕ್ಸ್ ಕೆ’ ಎಂಬ ನಿಯಮಾವಳಿ ಮಾಡಿದೆ. ಅದರಂತೆ ಕಾರಿನ ರೂಪ ಅದರ ಕಾಲದಲ್ಲಿ ಇದ್ದದ್ದೇ ಎಂದು ಸಾಬೀತಾಗಬೇಕು. ಇನ್ನೂ ಸ್ವಾರಸ್ಯದ ಮಾತೆಂದರೆ ಕಾರಿನ ವಯಸ್ಸನ್ನು ಅಲ್ಲಿ ಎಣಿಸುವುದು ಅದು ತಯಾರಾದ ದಿನದಿಂದಲೇ ಎಂದೇನಿಲ್ಲ. ಈಗ ಅದು ಯಾವ ಕಾಲದ ರೂಪದಲ್ಲಿದೆಯೋ ಆ ಕಾಲವೇ ಲೆಕ್ಕ. 1922ರ ಕಾರಿಗೆ 1936ರ ಬ್ರೇಕು ಹಾಕಿದ್ದರೆ ಅದು 1936ರ ಗುಂಪಿಗೆ ಸೇರಬಹುದು. 1986ರ ಬ್ರೇಕು ಹಾಕಿದ್ದರೆ ಕಥೆಯೇ ಬೇರೆ. ಎರಡರ ನಡುವೆ ಹಣದ ವ್ಯತ್ಯಾಸವೂ ಕಡಿಮೆಯದಲ್ಲ, ಮಾನದ ವ್ಯತ್ಯಾಸವೂ ಕಡಿಮೆಯದಲ್ಲ.

ಅಪ್ಪ ಹೇಳಿದ ಮಾತು

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಇಂಗ್ಲೆಂಡಿನ ಒಂದು ಹಳ್ಳಿಯ ಗ್ಯಾರೇಜಿಗೆ 1922ರ ರೇಸ್ ಕಾರೊಂದು ಬಂದಿದೆ. ತಂದವನು ವಯಸ್ಸಾದ ಮನುಷ್ಯ. ಕಾರು ಅವನ ತಂದೆಯದು. ‘ಮುಂದಿನ ಬ್ರೇಕು 1924ರಲ್ಲಿ ಕಂಪನಿಯವರೇ ಹಾಕಿದ್ದು. ಸಲಾಕೆ ತೆಗೆದು ಎಣ್ಣೆಯ ಬ್ರೇಕು ಹಾಕಿದ್ದು 1936ರಲ್ಲಿ, ನಾನೇ ನನ್ನ ಕೈಯಾರೆ’ ಎಂದು ತಂದೆ ಸಾಯುವವರೆಗೂ ಹೇಳುತ್ತಿದ್ದನಂತೆ. ಈಗ ಆ ಮಾತು ನಿಜವೋ ಅಲ್ಲವೋ ನೋಡಿ ಬರೆದುಕೊಡಬೇಕು. ಪರೀಕ್ಷಿಸುವವನಿಗೆ ಅದು ಕಬ್ಬಿಣದ ವಿಚಾರ. ತಂದವನಿಗೆ ಅಪ್ಪನ ಮಾತಿನ ವಿಚಾರ.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಹಳೆಯ ಗಾದೆ. ಪರೀಕ್ಷಕನಿಗೆ ಮೂರು ಸಾಕ್ಷಿಗಳು ಬೇಕು: ಕಾಗದ, ಚಿತ್ರ, ಲೋಹ. ಮೂರೂ ಒಂದೇ ಮಾತು ಹೇಳಿದರೆ ನಂಬಬಹುದು. ಒಂದು ಬೇರೆ ಹೇಳಿದರೆ ಮತ್ತೆ ಹುಡುಕಬೇಕು.

ಮೊದಲು ಕಾಗದ. ಹಳೆಯ ಬೆಂಟ್ಲಿ ಕಂಪನಿ ಚಾಸಿಸ್‌ಗೆ ಐದು ವರ್ಷಗಳ ಗ್ಯಾರಂಟಿ ಕೊಡುತ್ತಿತ್ತು. ಹಾಗಾಗಿ ಯಾವ ಕಾರಿಗೆ ಯಾವಾಗ ಏನು ಮಾಡಿದೆವು ಎಂದು ಬರೆದಿಡುತ್ತಿತ್ತು. 1931ರಲ್ಲಿ ಕಂಪನಿ ಮುಳುಗಿ ರೋಲ್ಸ್ ರಾಯ್ಸ್ ಪಾಲಾದರೂ ಆ ದಾಖಲೆಗಳು ಉಳಿದು ಇಂದು ಇತಿಹಾಸಕಾರರಿಗೆ ಚಿನ್ನದ ಗಣಿಯಾಗಿವೆ. ಎಲ್ಲ ಕಂಪನಿಗಳಿಗೂ ಆ ಭಾಗ್ಯವಿಲ್ಲ. ದಾಖಲೆ ಇಲ್ಲದ ಕಡೆ ಬಿಡಿಭಾಗದ ಬಿಲ್ಲು, ರೇಸಿನ ಕಾರ್ಯಕ್ರಮ ಪಟ್ಟಿ, ಮಾಲೀಕನ ಡೈರಿ ಇವೇ ಆಧಾರ. ಕಲ್ಪಿಸಿಕೊಂಡ ಕಾರಿನ ವಿಷಯದಲ್ಲಿ 1924ರಲ್ಲಿ ಮುಂದಿನ ಆಕ್ಸಲ್ ಬದಲಾಯಿಸಿದ ಟಿಪ್ಪಣಿ ಸಿಕ್ಕಿತು ಎನ್ನಿ. ಇದು ಮುಖ್ಯ. ಬ್ರೇಕು ಇಲ್ಲದ ಹಳೆಯ ಆಕ್ಸಲ್ ಬರೀ ಭಾರ ಹೊರಲು ಮಾಡಿದ್ದು. ಬ್ರೇಕು ಹಾಕಿದಾಗ ಚಕ್ರ ಅದನ್ನು ಹಿಂಡಿ ತಿರುಚಲು ನೋಡುತ್ತದೆ. ಆದ್ದರಿಂದ ಸರಿಯಾಗಿ ಕೆಲಸ ಮಾಡಿದವರು ಬರೀ ಡ್ರಮ್ ಜೋಡಿಸಿ ಬಿಡುವುದಿಲ್ಲ. ಆ ತಿರುಚುವಿಕೆಯನ್ನು ತಡೆಯುವ ಆಕ್ಸಲ್ಲನ್ನೇ ಹಾಕುತ್ತಾರೆ. ಅಂದಮೇಲೆ ತಂದೆಯ ಮೊದಲ ಮಾತು ನಿಂತಿತು.

ಆಮೇಲೆ ಚಿತ್ರ. ಹಳೆಯ ಫೋಟೋ ಒಳ್ಳೆಯ ಸಾಕ್ಷಿ, ಆದರೆ ಅಡಿಯಲ್ಲಿ ಬರೆದ ವಿವರ ಕೆಲವು ಸಲ ಸುಳ್ಳು ಹೇಳುತ್ತದೆ. ವರ್ಷ ತಪ್ಪಿರಬಹುದು, ಕಾರೇ ಬೇರೆಯಿರಬಹುದು. ಅದಕ್ಕೇ ನೋಂದಣಿ ಸಂಖ್ಯೆ, ಬಾನೆಟ್ಟಿನ ಮೇಲಿನ ಪಟ್ಟಿ, ರಿವೆಟ್ಟುಗಳ ಸಾಲು ಇವನ್ನೆಲ್ಲ ಹೊಂದಿಸಿ ನೋಡಬೇಕು. 1935ರ ಫೋಟೋದಲ್ಲಿ ಚಾಸಿಸ್‌ನ ಪಕ್ಕ ಬ್ರೇಕಿನ ಸಲಾಕೆ ಕಾಣುತ್ತದೆ. 1937ರ ಫೋಟೋದಲ್ಲಿ ಅದು ಇಲ್ಲ. ಗಣಿತದ ಭಾಷೆಯಲ್ಲಿ ಹೇಳುವುದಾದರೆ ಉತ್ತರ 1935ಕ್ಕಿಂತ ಹೆಚ್ಚು, 1937ಕ್ಕಿಂತ ಕಡಿಮೆ. ತಂದೆ ಹೇಳಿದ್ದು 1936. ಮಗನ ಮುಖ ಅರಳಿತು.

ಎಣ್ಣೆಯ ಬ್ರೇಕು ಆ ಕಾಲಕ್ಕೆ ಅಪರೂಪವಾಗಿದ್ದರೂ ಅಸಾಧ್ಯವಾಗಿರಲಿಲ್ಲ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ಪಾಸ್ಕಲ್ ನಿಯಮವನ್ನು ಬ್ರೇಕಿಗೆ ಹೊಂದಿಸಿ ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ 1917ರಲ್ಲಿ ಪೇಟೆಂಟ್ ಪಡೆದಿದ್ದ. 1921ರಲ್ಲಿ ಅದೇ ಲಮಾನ್‌ನಲ್ಲಿ ನಡೆದ ಫ್ರೆಂಚ್ ಗ್ರ್ಯಾನ್ ಪ್ರೀಯನ್ನು ಜಿಮ್ಮಿ ಮರ್ಫಿ ಗೆದ್ದದ್ದು ನಾಲ್ಕೂ ಚಕ್ರಕ್ಕೆ ಎಣ್ಣೆಯ ಬ್ರೇಕಿದ್ದ ಡ್ಯೂಸನ್‌ಬರ್ಗ್ ಕಾರಿನಲ್ಲಿ. ಆದರೂ ಯೂರೋಪಿನವರು ಅದನ್ನು ಬೇಗ ನಂಬಲಿಲ್ಲ. ಸಲಾಕೆ ಬಾಗಿದರೆ ಕಣ್ಣಿಗೆ ಕಾಣುತ್ತದೆ, ಎಣ್ಣೆ ಸೋರಿದರೆ ಹೇಳದೆ ಕೇಳದೆ ಬ್ರೇಕು ಹೋಗುತ್ತದೆ ಎಂಬ ಅಂಜಿಕೆ. 1933ರಲ್ಲಿ ಮಾಸೆರಾಟಿ ಕಂಪನಿ ತನ್ನ 8ಸಿಎಂ ಎಂಬ ರೇಸ್ ಕಾರಿಗೆ ಎಣ್ಣೆಯ ಬ್ರೇಕು ಹಾಕಿತು. ಆ ವರ್ಷ ಬೆಲ್ಜಿಯಮ್ ಗ್ರ್ಯಾನ್ ಪ್ರೀಯನ್ನು ತಾಜಿಯೋ ನುವೊಲಾರಿ ಅಂಥದೇ ಕಾರಿನಲ್ಲಿ ಗೆದ್ದ. ಆ ಮೇಲೆ 1936ರಲ್ಲಿ ಇಂಗ್ಲೆಂಡಿನ ಉತ್ಸಾಹಿಯೊಬ್ಬ ತನ್ನ ಹಳೆಯ ಕಾರಿಗೂ ಅದನ್ನು ಹಾಕಿದ್ದರೆ ಆಶ್ಚರ್ಯವಿಲ್ಲ.

ಲೋಹ ಬಾಯಿಬಿಟ್ಟಾಗ

ಕೊನೆಯದು ಲೋಹ. ಕಾರನ್ನು ಎತ್ತಿ ನಿಲ್ಲಿಸಿ, ಮೊಣಕಾಲೂರಿ ದೀಪ ಹಿಡಿದು ನೋಡುವ ಕೆಲಸ. ಇಲ್ಲಿ ಮೊದಲು ಗಮನಿಸಬೇಕಾದದ್ದು ಬೋಲ್ಟಿನ ಸುರುಳಿ ಗೆರೆ, ಅಂದರೆ ಥ್ರೆಡ್. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬಾತ ಹಾಕಿಕೊಟ್ಟ ಅಳತೆಯಂತೆ ಬ್ರಿಟಿಷ್ ಥ್ರೆಡ್ಡಿನ ಕೋನ 55 ಡಿಗ್ರಿ. ಅಮೆರಿಕದ್ದು 60 ಡಿಗ್ರಿ. ಎರಡನೆಯ ಮಹಾಯುದ್ಧದಲ್ಲಿ ಇಬ್ಬರ ಬೋಲ್ಟು ಒಬ್ಬರ ನಟ್ಟಿಗೆ ಕೂರದೆ ಪೇಚಾಟವಾಯಿತು. 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಸೇರಿ 60 ಡಿಗ್ರಿಯ ಏಕರೂಪದ ಥ್ರೆಡ್ ಒಪ್ಪಿಕೊಂಡವು. ಆದ್ದರಿಂದ ಬ್ರಿಟಿಷ್ ಕಾರಿನ ಬ್ರೇಕಿನಲ್ಲಿ ಆ ಏಕರೂಪದ ಥ್ರೆಡ್ ಕಂಡರೆ ಹುಬ್ಬೇರಿಸಬೇಕು. ಹಾಗೆಂದು ಬೋಲ್ಟೊಂದನ್ನೇ ನೋಡಿ ತೀರ್ಪು ಕೊಡಬಾರದು. ಬೋಲ್ಟು ಯಾವಾಗ ಬೇಕಾದರೂ ಬದಲಾಗುತ್ತದೆ. ಬೋಲ್ಟು ಕೂರುವ ತೂತಿನ ಒಳಗಿನ ಥ್ರೆಡ್ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ಬೋಲ್ಟು ಅತಿಥಿ, ತೂತು ಮನೆಯವರು.

ಎರಡನೆಯದು ಬೆಸುಗೆ. ಟಂಗ್‌ಸ್ಟನ್ ಕಡ್ಡಿ ಮತ್ತು ಜಡ ಅನಿಲ ಬಳಸುವ ‘ಟಿಗ್’ ಬೆಸುಗೆ ಬಳಕೆಗೆ ಬಂದದ್ದು 1940ರ ದಶಕದಲ್ಲಿ. ಆ ಬೆಸುಗೆಯ ಅಚ್ಚುಕಟ್ಟಾದ ಅಲೆಗಳು 1936ರದೆಂದು ಹೇಳುವ ಪಟ್ಟಿಯ ಮೇಲೆ ಇದ್ದರೆ ಎರಡರಲ್ಲಿ ಒಂದು: ಪಟ್ಟಿ ಹೊಸದು, ಇಲ್ಲವೇ ಹಳೆಯ ಪಟ್ಟಿಗೆ ಹೊಸ ರಿಪೇರಿ. ಮೂರನೆಯದು ಎರಕದ ಮೇಲಿನ ಅಚ್ಚಿನ ಗುರುತು ಮತ್ತು ಭಾಗದ ಸಂಖ್ಯೆ. 1950ರಲ್ಲಿ ಮೊದಲು ತಯಾರಾದ ಸಿಲಿಂಡರ್ 1936ರಲ್ಲಿ ಇರಲು ಸಾಧ್ಯವಿಲ್ಲ. ನಾಲ್ಕನೆಯದು ಮತ್ತು ಎಲ್ಲಕ್ಕಿಂತ ಮೌನವಾದದ್ದು: ಇಲ್ಲದ ವಸ್ತುವಿನ ಗುರುತು. ಗೋಡೆಯಿಂದ ಹಳೆಯ ಕ್ಯಾಲೆಂಡರ್ ತೆಗೆದರೆ ಅಲ್ಲೊಂದು ಚೌಕದ ಗುರುತು ಉಳಿಯುವುದಿಲ್ಲವೇ? ಹಾಗೆ ಕಿತ್ತ ಭಾಗದ ನೆರಳು ಬಣ್ಣದ ಮೇಲೆ ಉಳಿಯುತ್ತದೆ. ಮುಚ್ಚಿದ ತೂತುಗಳು ಕಾಣುತ್ತವೆ. ಸಲಾಕೆಯ ಅಡ್ಡದಂಡ ಕೂರುತ್ತಿದ್ದ ಗೂಡು ಖಾಲಿಯಾಗಿ ಉಳಿದಿರುತ್ತದೆ.

ಕಲ್ಪನೆಯ ಕಾರಿಗೆ ಮರಳಿದರೆ, ಎಣ್ಣೆಯ ಬ್ರೇಕಿನ ಮುಖ್ಯ ಸಿಲಿಂಡರನ್ನು ಹಿಡಿದ ಪಟ್ಟಿಯಲ್ಲಿ ಪರೀಕ್ಷಕ ಕಂಡದ್ದು ಟಿಗ್ ಬೆಸುಗೆ. ತೂತಿನೊಳಗೆ 1948ರ ನಂತರದ ಏಕರೂಪದ ಥ್ರೆಡ್. ಮಗನ ಮುಖ ಬಾಡಿತು. ‘ಹಾಗಾದರೆ ಅಪ್ಪ ಸುಳ್ಳು ಹೇಳಿದನೇ?’ ಎಂದ.

ಪರೀಕ್ಷಕ ಉತ್ತರ ಕೊಡಲು ಅವಸರ ಮಾಡಲಿಲ್ಲ. ಪಟ್ಟಿಯನ್ನು ಬಿಚ್ಚಿದ. ಅದರ ಹಿಂದೆ ಬಣ್ಣದ ಮೇಲೆ ಬೇರೊಂದು ಪಟ್ಟಿಯ ನೆರಳಿತ್ತು. ನಾಲ್ಕು ಹಳೆಯ ತೂತುಗಳಿದ್ದವು, ಒಳಗಿನ ಥ್ರೆಡ್ 55 ಡಿಗ್ರಿ. ಚಾಸಿಸ್ ಉದ್ದಕ್ಕೂ ಎಣ್ಣೆಯ ಕೊಳವೆ ಹಿಡಿದಿಡುವ ಪುಟ್ಟ ಹಿಡಿಕೆಗಳು ರಿವೆಟ್ಟಾಗಿದ್ದವು. ಅವುಗಳ ಮೇಲೆ ಪದರ ಪದರವಾಗಿ ಹಳೆಯ ಬಣ್ಣ. ಕೆಳಗಿನ ಪದರ 1937ರ ಫೋಟೋಕ್ಕೂ ಹಿಂದಿನದು ಎನ್ನಲು ಆಧಾರವಿತ್ತು. ಅಂದರೆ ತಂದೆ 1936ರಲ್ಲಿ ಎಣ್ಣೆಯ ಬ್ರೇಕು ಹಾಕಿದ್ದು ನಿಜ. ಯುದ್ಧದ ನಂತರ ಯಾವಾಗಲೋ ಆ ಸಿಲಿಂಡರ್ ಕೆಟ್ಟಿದೆ, ಬೇರೊಬ್ಬರು ಹೊಸದನ್ನು ಕೂರಿಸಿದ್ದಾರೆ. ತಂದೆ ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿಯಲ್ಲ. ಮೊದಲ ನೋಟಕ್ಕೇ ಪರೀಕ್ಷಕ ‘ನಕಲಿ’ ಎಂದು ಬರೆದುಬಿಟ್ಟಿದ್ದರೆ ಅವನು ಬರೆದದ್ದೂ ಪೂರ್ತಿಯಾಗುತ್ತಿರಲಿಲ್ಲ.

ಇಲ್ಲೊಂದು ತರ್ಕವಿದೆ, ವಿದ್ಯಾರ್ಥಿಗಳು ಇದನ್ನು ಗುರುತು ಹಾಕಿಕೊಳ್ಳಬೇಕು. ಒಂದು ಜೋಡಣೆ ತನ್ನ ಅತ್ಯಂತ ಹೊಸ ಭಾಗಕ್ಕಿಂತ ಹಳೆಯದಾಗಿರಲಾರದು. ಆದರೆ ಆ ಹೊಸ ಭಾಗ ಮೂಲದ ಜೋಡಣೆಗೆ ಸೇರಿದ್ದೋ, ಆಮೇಲಿನ ರಿಪೇರಿಯೋ ಎಂಬುದನ್ನು ಬೇರೆಯಾಗಿ ಕೇಳಬೇಕು. ಮೊದಲ ವಾಕ್ಯ ಮಾತ್ರ ಗೊತ್ತಿದ್ದವನು ಅರ್ಧ ವಿಜ್ಞಾನಿ. ಎರಡನೆಯದನ್ನೂ ಕೇಳುವವನು ಪೂರ್ತಿ ವಿಜ್ಞಾನಿ.

ಡಿಸ್ಕಿನ ಕಾಲ

ಇಂಥದೇ ಪ್ರಶ್ನೆ 1950ರ ದಶಕದ ಕಾರುಗಳಲ್ಲೂ ಏಳುತ್ತದೆ. ಡ್ರಮ್ಮಿನೊಳಗೆ ಹುಟ್ಟುವ ಶಾಖಕ್ಕೆ ಹೊರಬರಲು ದಾರಿ ಕಡಿಮೆ. ಡ್ರಮ್ ಕಾದು ಹಿಗ್ಗುತ್ತದೆ, ಲೈನಿಂಗಿನ ಹಿಡಿತ ಸಡಿಲಾಗುತ್ತದೆ. ತೆರೆದ ಗಾಳಿಯಲ್ಲಿ ತಿರುಗುವ ತಟ್ಟೆಯನ್ನು ಎರಡು ಕಡೆಯಿಂದ ಚಿವುಟಿ ಹಿಡಿಯುವುದೇ ಡಿಸ್ಕ್ ಬ್ರೇಕು. ಇಂದಿನ ಮೋಟಾರ್ ಸೈಕಲ್‌ಗಳಲ್ಲಿ ಎಲ್ಲರೂ ಕಾಣುವಂಥದ್ದು. ಜಾಗ್ವಾರ್ ಕಂಪನಿ ಡನ್‌ಲಪ್ ಜೊತೆಗೂಡಿ ತನ್ನ ಸಿ-ಟೈಪ್ ರೇಸ್ ಕಾರಿನ ಮೇಲೆ ಅದನ್ನು ಪ್ರಯೋಗಿಸಿತು. 1952ರಲ್ಲಿ ಸ್ಟರ್ಲಿಂಗ್ ಮಾಸ್ ಅಂಥ ಕಾರಿನಲ್ಲಿ ಫ್ರಾನ್ಸಿನ ರೀಮ್ಸ್‌ನಲ್ಲಿ ಗೆದ್ದ. 1953ರ ಲಮಾನ್ ರೇಸನ್ನು ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಡಿಸ್ಕ್ ಬ್ರೇಕಿನ ಸಿ-ಟೈಪ್‌ನಲ್ಲಿ ಗೆದ್ದಾಗ, ಆ ರೇಸಿನ ಸರಾಸರಿ ವೇಗ ಮೊದಲ ಬಾರಿಗೆ ಗಂಟೆಗೆ 100 ಮೈಲಿ ದಾಟಿತು. ನಿಲ್ಲುವುದು ಗೊತ್ತಿದ್ದವನೇ ಜೋರಾಗಿ ಓಡಬಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೆ ಗಿರಾಕಿಗಳಿಗೆ ಮಾರಿದ ಸಿ-ಟೈಪ್ ಕಾರುಗಳು ತಯಾರಾದದ್ದು ಡ್ರಮ್ ಬ್ರೇಕಿನೊಂದಿಗೆ. ಆಮೇಲೆ ಕೆಲವಕ್ಕೆ ಡಿಸ್ಕ್ ಬಂತು. ಅದು 1950ರ ದಶಕದ ರೇಸಿನ ಒತ್ತಾಯಕ್ಕೆ ಬಂದದ್ದೋ, ನಂತರದ ಮಾಲೀಕನ ಅನುಕೂಲಕ್ಕೆ ಬಂದದ್ದೋ ಎಂದು ತಿಳಿಯಲು ಮತ್ತೆ ಅದೇ ದಾರಿ: ಕಾಗದ, ಚಿತ್ರ, ಲೋಹ.

ಅಸಲಿ ಎಂಬ ಅಪಾಯ

ಒಂದು ಎಚ್ಚರಿಕೆಯ ಮಾತು ಹೇಳದೆ ಇರುವಂತಿಲ್ಲ. ಅಸಲಿ ಎಂದ ಮಾತ್ರಕ್ಕೆ ಕ್ಷೇಮ ಎಂದಲ್ಲ. ಎಂಬತ್ತು ತೊಂಬತ್ತು ವರ್ಷ ಕಾದು ತಣಿದ ಡ್ರಮ್ಮಿನಲ್ಲಿ ಕಣ್ಣಿಗೆ ಕಾಣದ ಬಿರುಕಿರಬಹುದು. ಬಣ್ಣದ ದ್ರವ ಸವರಿ ಒರೆಸಿದರೆ ಬಿರುಕಿನಲ್ಲಿ ಉಳಿದ ಬಣ್ಣ ಅದನ್ನು ತೋರಿಸಿಕೊಡುತ್ತದೆ. ಹಳೆಯ ಲೈನಿಂಗಿನಲ್ಲಿ ಸಾಮಾನ್ಯವಾಗಿ ಕಲ್ನಾರು ಇರುತ್ತದೆ. ಅದರ ಪುಡಿ ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಬ್ರಿಟನ್ನಿನಲ್ಲಿ ಅದರ ಬಳಕೆ ಪೂರ್ತಿ ನಿಷೇಧವಾದದ್ದು 1999ರಲ್ಲಿ. ಆದ್ದರಿಂದ ಹಳೆಯ ಡ್ರಮ್ ಬಿಚ್ಚಿದಾಗ ಬಾಯಿಂದ ಊದಿ ಧೂಳು ಹಾರಿಸುವ ಅಭ್ಯಾಸವನ್ನು ಯಾರೂ ಇಟ್ಟುಕೊಳ್ಳಬಾರದು. ಅಸಲಿತನದ ಹುಚ್ಚಿನಲ್ಲಿ ಬಿರುಕು ಬಿಟ್ಟ ಡ್ರಮ್ ಹಾಕಿಕೊಂಡು ರಸ್ತೆಗಿಳಿಯುವವನು ಇತಿಹಾಸವನ್ನೂ ಉಳಿಸುವುದಿಲ್ಲ, ಎದುರಿಗೆ ಬರುವವರನ್ನೂ ಉಳಿಸುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಕೆಟ್ಟ ಹಳೆಯ ಭಾಗವನ್ನು ಜೋಪಾನವಾಗಿ ಕಪಾಟಿನಲ್ಲಿಡುವುದು. ಅದೇ ಅಳತೆಯ ಹೊಸ ಭಾಗ ಮಾಡಿ ಹಾಕುವುದು. ಹೊಸದರ ಮೇಲೆ, ಕಣ್ಣಿಗೆ ಬೀಳದ ಜಾಗದಲ್ಲಿ, ಮಾಡಿದ ವರ್ಷವನ್ನು ಒತ್ತುವುದು. ಏನು ಮಾಡಿದೆವು, ಏಕೆ ಮಾಡಿದೆವು ಎಂದು ಪುಸ್ತಕದಲ್ಲಿ ಬರೆದಿಡುವುದು. ಹೊಸ ಲೋಹಕ್ಕೆ ಆಮ್ಲ ಸವರಿ ತುಕ್ಕು ಹಿಡಿಸಿ ಹಳೆಯದೆಂದು ಮಾರುವವರೂ ಇದ್ದಾರೆ. ಎರಡು ಕಡೆಯೂ ಹಾಕಿದ್ದು ಹೊಸ ಭಾಗವೇ. ಆದರೆ ಒಬ್ಬ ಅದರ ವರ್ಷ ಹೇಳಿದ, ಇನ್ನೊಬ್ಬ ಮುಚ್ಚಿಟ್ಟ.

ಕಲ್ಪನೆಯ ಆ ಮುದುಕ ತನ್ನ ಕಾರನ್ನು ಮನೆಗೆ ಒಯ್ಯುವಾಗ ಅವನ ಕೈಯಲ್ಲಿ ಮೂರು ಸಾಲಿನ ವರದಿ ಇರುತ್ತದೆ: ಮುಂದಿನ ಬ್ರೇಕು 1924, ಎಣ್ಣೆಯ ಬ್ರೇಕು 1935 ಮತ್ತು 1937ರ ನಡುವೆ, ಸಿಲಿಂಡರ್ 1948ರ ನಂತರ. ಅಪ್ಪನ ಕಥೆ ಸ್ವಲ್ಪ ಬದಲಾಯಿತು, ಆದರೆ ಇನ್ನು ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಶಾಲೆಯ ಮಕ್ಕಳ ಪ್ರಯೋಗದ ಪುಸ್ತಕಗಳಲ್ಲೂ ಇಂಥ ಬ್ರೇಕುಗಳುಂಟು. ತಪ್ಪಾದ ಅಳತೆಯನ್ನು ಹೊಡೆದು ಹಾಕಿ ಪಕ್ಕದಲ್ಲಿ ಸರಿಯಾದದ್ದನ್ನು ಬರೆದ ಪುಟ ನೋಡಲು ಅಂದವಲ್ಲ. ಎಷ್ಟೋ ತಂದೆತಾಯಿಯರು ಆ ಹಾಳೆಯನ್ನು ಹರಿಸಿ, ಮಗುವಿನಿಂದ ಮುತ್ತಿನಂಥ ಅಕ್ಷರದಲ್ಲಿ ಮತ್ತೆ ಬರೆಸುತ್ತಾರೆ. ಪುಸ್ತಕ ಚೆಂದವಾಗುತ್ತದೆ. ಆದರೆ ಮಗು ಎಲ್ಲಿ ಎಡವಿತು, ಯಾವತ್ತು ತಿದ್ದಿಕೊಂಡಿತು ಎಂಬ ದಾಖಲೆ ಕಸದ ಬುಟ್ಟಿಗೆ ಹೋಗುತ್ತದೆ. ಮುಂದಿನ ಸಲ ಮಗು ಅಂಥ ಪುಟ ತಂದು ತೋರಿಸಿದರೆ ಹರಿಯುವುದು ಬೇಡ. ಹೊಡೆದು ಹಾಕಿದ ಗೆರೆಯ ಪಕ್ಕದಲ್ಲಿ ತಾರೀಖು ಬರೆಯಲು ಹೇಳಿದರೆ ಸಾಕು.